ಹಾಸ್ಟೆಲಿಗೆ ಏನೇನು ಕೊಳ್ಳಬೇಕು?

ಪ್ರಶ್ನೆ: ಮಗಳಿಗೆ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತಿದ್ದು, ಆಗಸ್ಟ್‌ನಲ್ಲಿ ಹಾಸ್ಟೆಲ್ ಸೇರಲಿದ್ದಾಳೆ. ಹಾಸಿಗೆಯಿಂದ ಬಕೆಟ್‌ವರೆಗೆ ಎಲ್ಲವನ್ನೂ ಇಲ್ಲಿಯೇ ಕೊಂಡು ಕಳುಹಿಸುವುದು ಸರಿಯೇ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮಂಚ, ಮೇಜು, ಕಪಾಟುಗಳನ್ನು ಸಾಮಾನ್ಯವಾಗಿ ಹಾಸ್ಟೆಲಿನವರೇ ಒದಗಿಸುತ್ತಾರೆ. ಹಾಸಿಗೆಯನ್ನು ಮಂಚದ ಅಳತೆ ತಿಳಿದ ಮೇಲೆ ಅಲ್ಲಿಯೇ ಕೊಳ್ಳುವುದು ಲೇಸು. ಬಕೆಟ್, ಮಗ್ಗು, ಪೊರಕೆಗಳೂ ಅಷ್ಟೇ.

ನೀವು ಹೆಚ್ಚು ಯೋಚಿಸಬೇಕಾದದ್ದು ಮಳೆಯ ಬಗ್ಗೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ದಪ್ಪನೆಯ ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಬೇಗ ಒಣಗುವ ತೆಳು ಬಟ್ಟೆ, ಹಗುರವಾದ ಟವೆಲ್, ರಬ್ಬರ್ ಚಪ್ಪಲಿ, ಗಟ್ಟಿಮುಟ್ಟಾದ ಕೊಡೆ, ಬಟ್ಟೆ ಒಣಹಾಕಲು ಹಗ್ಗ ಮತ್ತು ಕ್ಲಿಪ್ಪುಗಳಿಗೆ ಮೊದಲು ಹಣ ತೆಗೆದಿಡಿ. ಒಳ ಉಡುಪುಗಳನ್ನು ತುಸು ಹೆಚ್ಚಾಗಿಯೇ ಕೊಡಿ. ನಿಮ್ಮ ಕಡೆಯ ಕೌದಿ ಎಷ್ಟೇ ಅಕ್ಕರೆಯದ್ದಾಗಿದ್ದರೂ ಆ ತೇವದಲ್ಲಿ ಅದನ್ನು ಒಗೆದು ಒಣಗಿಸುವುದು ಕಷ್ಟ. ಹೊದೆಯಲು ತೆಳುವಾದ ಚಾದರ ಸಾಕು.

ಎಕ್ಸ್‌ಟೆನ್ಷನ್ ಬೋರ್ಡನ್ನು ಐಎಸ್‌ಐ ಗುರುತು ನೋಡಿಯೇ ಕೊಳ್ಳಿ. ನೀರು ಕಾಯಿಸುವ ಕಾಯಿಲ್, ವಿದ್ಯುತ್ ಕೆಟಲ್‌ಗಳನ್ನು ಅನೇಕ ಹಾಸ್ಟೆಲುಗಳು ನಿಷೇಧಿಸಿರುವುದರಿಂದ, ನಿಯಮಗಳನ್ನು ಓದುವ ಮೊದಲು ಅವುಗಳಿಗೆ ಹಣ ಸುರಿಯಬೇಡಿ. ಕಪಾಟಿಗೆ ಒಳ್ಳೆಯ ಬೀಗವೊಂದು ಬೇಕು. ಮಂಗಳೂರನ್ನು ಮಲೇರಿಯಾ ಬಹುಕಾಲ ಕಾಡಿರುವುದರಿಂದ ಸೊಳ್ಳೆಪರದೆಯನ್ನಂತೂ ಮರೆಯಲೇಬೇಡಿ.