ಮೂಲೆ ಬಿಟ್ಟು ಬಾರದ ನಾಯಿ, ಯಾರೂ ಕೇಳದ ನಾಯಿ

ಶೆಲ್ಟರ್‌ನಿಂದ ಪ್ರಾಣಿ ತಂದವರ, ತರಬೇಕು ಅಂದುಕೊಂಡವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಕಲಬುರಗಿಯ ಶಹಾಬಜಾರ್. ಶೆಲ್ಟರ್‌ನಿಂದ ಎರಡು ವರ್ಷದ ಹೆಣ್ಣು ನಾಯಿ ತಂದು ಹತ್ತು ದಿನ ಆಯ್ತು. ಬಂದಾಗಿನಿಂದ ಕಪಾಟಿನ ಹಿಂದೆ ಕೂತಿದೆ. ನಾವು ಮಲಗಿದ ಮೇಲೆ ಮಾತ್ರ ಎದ್ದು ಉಣ್ಣುತ್ತದೆ. ಮುಟ್ಟಲು ಹೋದರೆ ನಡುಗುತ್ತದೆ, ಒಮ್ಮೆ ಅಲ್ಲೇ ಉಚ್ಚೆ ಮಾಡಿಕೊಂಡಿತು. ಅವ್ವ ರೊಟ್ಟಿ ಬಡಿಯಲು ಶುರು ಮಾಡಿದರೆ ಇನ್ನೂ ಒಳಗೆ ಸರಿಯುತ್ತದೆ. ಬಂದವರೆಲ್ಲ ‘ಎಳೆದು ಹೊರಗೆ ತರ್ರಿ, ರೂಢಿ ಆಗ್ತದ’ ಅನ್ನುತ್ತಾರೆ. ಅವ್ವ ‘ವಾಪಸ್ ಬಿಟ್ಟು ಬಾ’ ಅನ್ನುತ್ತಾಳೆ. ಏನು ಮಾಡಲಿ ಡಾಕ್ಟರೇ?

ಉತ್ತರ: ವಾಪಸ್ ಬಿಡಬೇಡಿ, ಎಳೆದು ಹೊರಗೂ ತರಬೇಡಿ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ನಾಯಿ ರಾತ್ರಿ ಎದ್ದು ಉಣ್ಣುತ್ತಿದೆ. ಅಂದರೆ ಮನೆ ಸದ್ದಿಲ್ಲದೆ ಇದ್ದಾಗ ಹೊರಗೆ ಬರುವಷ್ಟು ಧೈರ್ಯ ಅದಕ್ಕೆ ಇದೆ. ಆ ಧೈರ್ಯ ನಿಧಾನವಾಗಿ ಹಗಲಿಗೂ ಬರುವಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಹತ್ತು ದಿನ ನಿಮಗೆ ಜಾಸ್ತಿ ಅನಿಸಬಹುದು. ನಾಯಿಗೆ ಅದು ಏನೂ ಅಲ್ಲ. ಶೆಲ್ಟರ್‌ನಲ್ಲಿ ಹಗಲು ರಾತ್ರಿ ಬೊಗಳುವ ಸದ್ದು ಕೇಳಿಕೊಂಡು ಇತ್ತು. ಅಲ್ಲಿಂದ ಒಮ್ಮೆಲೇ ವಾಸನೆ ಕೂಡ ಗೊತ್ತಿಲ್ಲದ ಮನೆಗೆ ಬಂದಿದೆ. ನಾಯಿಗಳನ್ನು ರಕ್ಷಿಸುವ ಕೆಲಸದಲ್ಲಿ ಇರುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಗಾಬರಿ ಸ್ವಲ್ಪ ಇಳಿಯಲು 3 ದಿನ, ಮನೆಯ ರೀತಿ ತಿಳಿಯಲು 3 ವಾರ, ಇದು ನನ್ನ ಮನೆ ಅನಿಸಲು 3 ತಿಂಗಳು. ಇದು ಅಂದಾಜು ಅಷ್ಟೇ. ನಿಮ್ಮ ನಾಯಿಯಂತೆ ತುಂಬ ಹೆದರಿದ್ದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯಬಹುದು. ಮರಿಗಳು 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದು, ಕೇಳಿದ್ದನ್ನು ಬೇಗ ಒಗ್ಗಿಸಿಕೊಳ್ಳುತ್ತವೆ. ಆ ವಯಸ್ಸಿನಲ್ಲಿ ಮನುಷ್ಯರ ಕೈ, ಕುಕ್ಕರ್ ಸೀಟಿ, ಟಿವಿ ಸದ್ದು ಸಿಗದೇ ಬೆಳೆದ ನಾಯಿ ಇದನ್ನೆಲ್ಲ ದೊಡ್ಡದಾದ ಮೇಲೆ ಕಲಿಯಬೇಕು. ಕಲಿಯುತ್ತದೆ, ಆದರೆ ಅವಸರ ಮಾಡಿದರೆ ಕಲಿಯುವುದಿಲ್ಲ. ಎಳೆದು ತಂದ ನಾಯಿ ಸುಮ್ನೆ ಕೂತಿದ್ದರೆ ಅದು ರೂಢಿಯಾಗಿದೆ ಅಂತ ಅಲ್ಲ. ಭಯಕ್ಕೆ ಮರಗಟ್ಟಿ ಕೂತಿದೆ ಅಂತ.

ಮೊದಲು ಅಡಗುವ ಜಾಗವನ್ನು ಅದಕ್ಕೇ ಬಿಟ್ಟುಕೊಡಿ. ಕಪಾಟಿನ ಹಿಂದೆ ಇಕ್ಕಟ್ಟು. ಹತ್ತಿರದಲ್ಲೇ ಒಂದು ಟೇಬಲ್ ಇಟ್ಟು ಮೂರು ಕಡೆ ಹಳೆಯ ಕೌದಿ ಇಳಿಬಿಡಿ. ಒಳಗೆ ನೀರಿನ ಬಟ್ಟಲು ಇರಲಿ. ಮನೆಯವರಿಗೆಲ್ಲ ಒಂದೇ ನಿಯಮ ಹೇಳಿ: ನಾಯಿ ಅಲ್ಲಿದ್ದಾಗ ಯಾರೂ ಕೈ ಹಾಕಬಾರದು, ಬಗ್ಗಿ ಇಣುಕಬಾರದು, ಮೊಬೈಲ್ ಹಿಡಿದು ಫೋಟೊ ತೆಗೆಯಬಾರದು. ಮಕ್ಕಳು ಇದ್ದರೆ ಈ ಮಾತು ದಿನಕ್ಕೆ ನಾಲ್ಕು ಸಲ ಹೇಳಬೇಕಾಗುತ್ತದೆ, ಹೇಳಿ.

ಆಮೇಲೆ ನೀವು ದಿನಾ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂರಿ. ನಾಯಿಗೆ ಎದುರಾಗಿ ಬೇಡ, ಮಗ್ಗುಲಾಗಿ ಕೂರಿ. ಪೇಪರ್ ಓದಿ. ಆಗಾಗ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಸಣ್ಣ ಚೂರು ಅಥವಾ ಮೊಟ್ಟೆಯ ಚೂರು ಅದರ ಕಡೆ ಎಸೆಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ತಿಂಡಿ ತೋರಿಸಿ ಹತ್ತಿರ ಕರೆಯಬೇಡಿ. ನಾಯಿ ತಾನಾಗಿ ಎರಡು ಹೆಜ್ಜೆ ಮುಂದೆ ಬಂದರೆ, ಮುಂದಿನ ಚೂರನ್ನು ಅದರ ಹಿಂದೆ ಎಸೆಯಿರಿ. ಹತ್ತಿರ ಬಂದ ಮೇಲೂ ದೂರ ಹೋಗಲು ದಾರಿ ಇದೆ ಅಂತ ಅದಕ್ಕೆ ಗೊತ್ತಾಗಬೇಕು. ಹೆದರಿದ ಪ್ರಾಣಿಯ ವಿಷಯದಲ್ಲಿ ನಾನು ಒಂದೇ ಮಾತು ಹೇಳಬಹುದು ಅಂದರೆ ಇದನ್ನೇ ಹೇಳುತ್ತೇನೆ: ಎಷ್ಟು ಹತ್ತಿರ ಬರಬೇಕು ಅನ್ನುವುದನ್ನು ಅದೇ ನಿರ್ಧರಿಸಲಿ.

ರೊಟ್ಟಿ ಬಡಿಯುವ ಸದ್ದಿಗೆ ಅವ್ವನ ಸಹಾಯ ಬೇಕು. ನಾಯಿಯನ್ನು ಅಡುಗೆಮನೆಯಿಂದ ದೂರದ ಕೋಣೆಯಲ್ಲಿ ಇಟ್ಟು, ನಡುವಿನ ಬಾಗಿಲು ಹಾಕಿ. ಸದ್ದು ಕೇಳಿಸಬೇಕು, ಆದರೆ ಸಣ್ಣಗೆ. ಅವ್ವ ಬಡಿಯಲು ಶುರು ಮಾಡಿದ ತಕ್ಷಣ ನೀವು ಚೂರು ಹಾಕಲು ಶುರು ಮಾಡಿ. ಅವರು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಮೊದಲು ಸದ್ದು, ಆಮೇಲೆ ತಿಂಡಿ. ಈ ಕ್ರಮ ತಿರುಗಿಸಿದರೆ ತಿಂಡಿ ಕಂಡರೂ ನಾಯಿ ಹೆದರಲು ಕಲಿಯುತ್ತದೆ. ಆ ಸದ್ದಿಗೆ ಕಿವಿ ಎತ್ತಿ ನಿಮ್ಮ ಕೈ ನೋಡಿದ ದಿನ ಬಾಗಿಲು ಸ್ವಲ್ಪ ತೆಗೆಯಿರಿ. ಅದು ಮತ್ತೆ ಒಳಗೆ ಸರಿದರೆ ಬಾಗಿಲು ಹಾಕಿ, ಹಿಂದಿನ ಮೆಟ್ಟಿಲಿಗೇ ಹೋಗಿ. ಕೊನೆಯ ರೊಟ್ಟಿಯ ಒಂದು ತುಣುಕನ್ನು ಆರಿದ ಮೇಲೆ ಅವ್ವನೇ ದೂರದಿಂದ ಎಸೆಯಲಿ. ದಿನಾ ಎಸೆಯುವ ಕೈಯನ್ನು ನಾಯಿ ಗುರುತು ಹಿಡಿಯುತ್ತದೆ. ಅವ್ವನಿಗೂ ವಾಪಸ್ ಬಿಡಲು ಮನಸ್ಸು ಬರುವುದಿಲ್ಲ ಅಂತ ನನಗೆ ಅನಿಸುತ್ತದೆ. ಬರೀ ರೊಟ್ಟಿ ಸಾಕು, ಶೇಂಗಾ ಹಿಂಡಿ ಹಚ್ಚಬೇಡಿ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ.

ಮುಟ್ಟುವ ವಿಷಯ. ನಾಯಿ ತಾನಾಗಿ ಬಂದು ನಿಮ್ಮನ್ನು ಮೂಸುವವರೆಗೆ ಮುಟ್ಟಬೇಡಿ. ಮೂಸಿದಾಗಲೂ ತಲೆಯ ಮೇಲೆ ಕೈ ಇಡಬೇಡಿ. ಗದ್ದದ ಕೆಳಗೆ ಅಥವಾ ಎದೆಯ ಹತ್ತಿರ ಮೂರು ಸೆಕೆಂಡ್ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕು ಅಂತ ಒತ್ತಿಕೊಂಡು ಬಂದರೆ ಮುಂದುವರಿಸಿ. ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಮುಖ ತಿರುಗಿಸಿದರೆ, ಕಣ್ಣಿನ ಬಿಳಿ ಭಾಗ ಕಂಡರೆ ಸಾಕು ಅಂತ ಅರ್ಥ. ಗುರುಗುಟ್ಟಿದರೆ ಬೈಯಬೇಡಿ. ಅದು ದೂರ ಇರಿ ಅನ್ನುವ ಮಾತು. ಬೈದು ಅದನ್ನು ನಿಲ್ಲಿಸಿದರೆ ಮುಂದೆ ಹೇಳದೇ ಕಚ್ಚುತ್ತದೆ. ಉಚ್ಚೆ ಮಾಡಿಕೊಂಡಿದ್ದು ಭಯಕ್ಕೆ, ಒರೆಸಿ ಬಿಟ್ಟುಬಿಡಿ. ಸಮಾಧಾನ ಮಾಡಿದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಅದು ಹೆದರಿ ನಿಮ್ಮ ಹತ್ತಿರವೇ ಬಂದರೆ ಅಪ್ಪಿಕೊಳ್ಳಿ.

ನನಗೆ ಹೆಚ್ಚು ಚಿಂತೆ ಇರುವುದು ತಪ್ಪಿಸಿಕೊಂಡು ಓಡುವುದರ ಬಗ್ಗೆ. ಹೊಸ ಮನೆಯ ಮೊದಲ ವಾರಗಳಲ್ಲಿ ಹೆದರಿದ ನಾಯಿಗಳು ಸಣ್ಣ ಸಂದಿ ಸಿಕ್ಕರೂ ಓಡುತ್ತವೆ. ಓಡಿದರೆ ನೀವು ಕರೆದರೂ ಬರುವುದಿಲ್ಲ. ಅದಕ್ಕೆ ನಿಮ್ಮ ಮನೆ ಯಾವುದು ಅಂತ ಇನ್ನೂ ಗೊತ್ತಿಲ್ಲ, ಅಲ್ವಾ? ಹೊರಗೆ ತರುವಾಗ ಕೊರಳಿಗೆ ಬೆಲ್ಟ್, ಎದೆಗೆ ಹಾರ್ನೆಸ್ (ಎದೆ ಸುತ್ತ ಕಟ್ಟುವ ಪಟ್ಟಿ) ಎರಡೂ ಹಾಕಿ, ಎರಡಕ್ಕೂ ಬೇರೆ ಬೇರೆ ಹಗ್ಗ ಇರಲಿ. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಯಿರಿ. ಅಪ್ಪನ ಕೆರೆ ಕಡೆ ವಾಕಿಂಗ್ ಕರೆದುಕೊಂಡು ಹೋಗುವ ಆಸೆ ಸದ್ಯಕ್ಕೆ ಬೇಡ. ಹಿತ್ತಲಲ್ಲಿ, ಜನ ಏಳುವ ಮುಂಚೆ ಐದು ನಿಮಿಷ ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ, ಅಂಗಳದ ಶಹಾಬಾದ್ ಕಲ್ಲು ಸಂಜೆಯಾದರೂ ಆರಿರುವುದಿಲ್ಲ. ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಒಮ್ಮೆ ವೈದ್ಯರಿಗೆ ತೋರಿಸಿ, ಆದರೆ ಸಾಧ್ಯವಾದರೆ ಮನೆಗೇ ಕರೆಸಿ. ಕಿವಿ ನೋವು, ಹಲ್ಲು ನೋವು, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಇದ್ದರೂ ನಾಯಿ ಮೂಲೆ ಸೇರುತ್ತದೆ. ಟಿಕ್ ಫೀವರ್ ನಮ್ಮ ಕಡೆ ಸಾಮಾನ್ಯ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿ ಒಂದು ತಿಂಗಳಾದರೂ ಸ್ವಲ್ಪವೂ ಬದಲಾವಣೆ ಕಾಣದಿದ್ದರೆ ಆತಂಕ ತಗ್ಗಿಸುವ ಔಷಧಿಗಳಿವೆ. ಅದನ್ನು ಕೇಳಲು ಸಂಕೋಚ ಬೇಡ. ಮನಸ್ಸು ಸ್ವಲ್ಪ ಹಗುರಾದರೆ ನಾಯಿ ಬೇಗ ಕಲಿಯುತ್ತದೆ.

ಪ್ರಶ್ನೆ: ನಾವು ಬೀದರಿನವರು. ಒಂಬತ್ತು ವರ್ಷದ ಮಗಳಿಗೆ ನಾಯಿ ಬೇಕು. ಮರಿ ತರೋಣ ಅಂತ ಶೆಲ್ಟರ್‌ಗೆ ಹೋದರೆ ಅವಳು ಹಟ ಹಿಡಿದಿದ್ದು ಎಂಟು ವರ್ಷದ ಕರಿ ನಾಯಿಗೆ. ಅದಕ್ಕೆ ಹಿಂದಿನ ಒಂದು ಕಾಲಿಲ್ಲ. ಅತ್ತೆಯವರು ‘ಕರಿದು ಬೇಡ, ಕುಂಟು ಬೇಡ’ ಅನ್ನುತ್ತಿದ್ದಾರೆ. ನಮಗೂ ಅನುಮಾನ.

ಉತ್ತರ: ನಿಮ್ಮ ಮಗಳ ಆಯ್ಕೆ ನನಗೆ ತುಂಬ ಇಷ್ಟವಾಯಿತು. ಮರಿ ಮುಂದೆ ಎಂಥ ನಾಯಿ ಆಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಎಂಟು ವರ್ಷದ ನಾಯಿಯ ಸ್ವಭಾವ ಇವತ್ತೇ ಕಣ್ಣ ಮುಂದೆ ಇದೆ. ಅದು ಮಕ್ಕಳ ಜೊತೆ ಹೇಗಿರುತ್ತದೆ, ಯಾವುದಕ್ಕೆ ಸಿಟ್ಟಾಗುತ್ತದೆ ಅಂತ ಶೆಲ್ಟರ್‌ನವರನ್ನು ಕೇಳಿ, ಹೇಳುತ್ತಾರೆ. ನಮ್ಮ ನಾಟಿ ನಾಯಿಗಳು ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ 12-15 ವರ್ಷ ಬದುಕುತ್ತವೆ, ಹಾಗಾಗಿ ಇನ್ನೂ ಒಳ್ಳೆಯ ವರ್ಷಗಳು ಉಳಿದಿವೆ. ಖರ್ಚಿನ ಮಾತೂ ಹೇಳಬೇಕು. ವಯಸ್ಸಾದ ನಾಯಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಹಲ್ಲಿನ ತಪಾಸಣೆ ಬೇಕು, ಮುಂದೆ ಔಷಧಿ ಖರ್ಚು ಏರುತ್ತದೆ. ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮ್ಮ ಊರಲ್ಲೇ ಇರುವುದು ದೊಡ್ಡ ಅನುಕೂಲ.

ಮೂರು ಕಾಲಿನ ನಾಯಿಗೆ ನಮ್ಮ ಕನಿಕರ ಬೇಕಾಗಿಲ್ಲ. ಅದು ಓಡುತ್ತದೆ, ಆಡುತ್ತದೆ, ಮೆಟ್ಟಿಲೂ ಹತ್ತುತ್ತದೆ. ಉಳಿದ ಹಿಂಗಾಲಿನ ಮೇಲೆ ಭಾರ ಜಾಸ್ತಿ ಬೀಳುವುದರಿಂದ ದಪ್ಪ ಆಗಲು ಬಿಡಬೇಡಿ. ನುಣುಪು ಟೈಲ್ಸ್ ಇದ್ದರೆ ಅದು ಓಡಾಡುವ ಕಡೆ ಜಮಖಾನೆ ಹಾಸಿ. ಸೋಫಾದಿಂದ ಜಿಗಿಯಲು ಬಿಡಬೇಡಿ.

ಬಣ್ಣಕ್ಕೂ ಸ್ವಭಾವಕ್ಕೂ ಸಂಬಂಧವೇ ಇಲ್ಲ. ಕತ್ತಲೆ ಗೂಡಿನಲ್ಲಿ ಕರಿ ನಾಯಿಯ ಮುಖ ಸರಿಯಾಗಿ ಕಾಣುವುದಿಲ್ಲ, ಫೋಟೊದಲ್ಲೂ ಬರುವುದಿಲ್ಲ, ಜನ ಮುಂದೆ ಹೋಗಿಬಿಡುತ್ತಾರೆ. ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಗಾಣಗಾಪುರದ ದತ್ತನ ಪಟ ಮನೆಯಲ್ಲಿದ್ದರೆ ಅದರಲ್ಲಿ ಅವನ ಕಾಲ ಬಳಿ ಇರುವ ನಾಲ್ಕು ನಾಯಿಗಳನ್ನು ತೋರಿಸಿ. ಭೈರವನ ವಾಹನವೂ ನಾಯಿಯೇ. ಇದಕ್ಕಿಂತ ಒಳ್ಳೆಯದು, ಅವರನ್ನೇ ಒಮ್ಮೆ ಬೆಳಗಿನ ಹೊತ್ತು ಶೆಲ್ಟರ್‌ಗೆ ಕರೆದುಕೊಂಡು ಹೋಗಿ ಆ ನಾಯಿಯ ಪಕ್ಕ ಅರ್ಧ ಗಂಟೆ ಕೂರಿಸಿ. ಆಮೇಲೂ ಅವರು ಬೇಡವೇ ಬೇಡ ಅಂದರೆ ತರಬೇಡಿ. ಹೀಗೆ ಹೇಳುವುದು ನನಗೂ ಕಷ್ಟ. ಆದರೆ ದಿನಾ ಒಬ್ಬರು ಹಚಾ ಅನ್ನುವ ಮನೆಯಲ್ಲಿ ನಾಯಿಗೂ ನೆಮ್ಮದಿ ಇರುವುದಿಲ್ಲ, ನಿಮಗೂ ಇರುವುದಿಲ್ಲ.

ತರುವಾಗ ಸಂತಾನಹರಣ ಆಗಿದೆಯೇ, ರೇಬೀಸ್ ಲಸಿಕೆಯ ಚೀಟಿ ಇದೆಯೇ ನೋಡಿ. ಬೀದಿಯಿಂದ ಬಂದ ನಾಯಿಯನ್ನು ದತ್ತು ಪಡೆದವರು ಅದನ್ನು ಮತ್ತೆ ಬೀದಿಗೆ ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಮಗಳನ್ನೂ ನಾಯಿಯನ್ನೂ ಮೊದಲ ತಿಂಗಳುಗಳಲ್ಲಿ ಇಬ್ಬರನ್ನೇ ಬಿಡಬೇಡಿ. ಹಲ್ಲು ತಾಗಿ ಸಣ್ಣ ಗೀರಾದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಯಾದಗಿರಿ ಸ್ಟೇಷನ್ ಏರಿಯಾದಲ್ಲಿ ಇದ್ದೇವೆ. ಶೆಲ್ಟರ್‌ನಿಂದ ದೊಡ್ಡ ಬೆಕ್ಕು ತಂದು ಮೂರು ದಿನ. ಅಟ್ಟದಿಂದ ಇಳಿದಿಲ್ಲ, ಏನೂ ತಿಂದಿಲ್ಲ. ಹಸಿವಾದರೆ ತಾನೇ ಬರುತ್ತದೆ ಅಂತ ಬಿಡಬಹುದೇ?

ಉತ್ತರ: ಬಿಡಬೇಡಿ. ಇವತ್ತೇ ವೈದ್ಯರನ್ನು ಕಾಣಿ. ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ. ದಪ್ಪ ಬೆಕ್ಕಿಗೆ ಇದು ಜೀವಕ್ಕೇ ಅಪಾಯ. ಕೆಳಗೆ ಬರಲಿ ಅಂತ ಕಾಯದೆ ಮೀನು ಅಥವಾ ಕೋಳಿಯನ್ನು ಬರೀ ನೀರಲ್ಲಿ ಬೇಯಿಸಿ, ಉಗುರು ಬೆಚ್ಚಗೆ ಇರುವಾಗ ಅಟ್ಟದ ಮೇಲೇ ಇಡಿ. ವಾಸನೆಗೆ ಬಾಯಿ ಹಾಕಬಹುದು. ತಿನ್ನಲು ಶುರು ಮಾಡಿದ ಮೇಲೆ ರೈಲಿನ ಸದ್ದು ಕಡಿಮೆ ಕೇಳುವ ಒಂದು ಕೋಣೆ ಅದಕ್ಕೆ ಬಿಟ್ಟುಕೊಡಿ. ಮಲಗಲು ರಟ್ಟಿನ ಡಬ್ಬಿ, ಇನ್ನೊಂದು ಮೂಲೆಯಲ್ಲಿ ಮರಳಿನ ಟ್ರೇ ಇರಲಿ. ನೀವು ಅಲ್ಲಿ ಕೂತಾಗ ದಿಟ್ಟಿಸಬೇಡಿ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಅದೂ ಹಾಗೇ ಮಾಡಿದರೆ ನಿಮ್ಮ ಬಗ್ಗೆ ಭಯ ಇಳಿಯುತ್ತಿದೆ ಅಂತ ತಿಳಿಯಿರಿ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ.

ಪ್ರಶ್ನೆ: ಹೋದ ದೀಪಾವಳಿಗೆ ನಮ್ಮ ನಾಯಿ ಪಟಾಕಿಗೆ ಹೆದರಿ ಕಂಪೌಂಡ್ ಹಾರಿತ್ತು, ಪುಣ್ಯಕ್ಕೆ ಸಿಕ್ಕಿತು. ಈ ಸಲ ನಾವು ನುಂಗುವ ನಿದ್ದೆ ಮಾತ್ರೆಯಲ್ಲಿ ಅರ್ಧ ಕೊಡಬಹುದೇ? (ಕಲಬುರಗಿಯ ಓದುಗರು)

ಉತ್ತರ: ಮನುಷ್ಯರ ಮಾತ್ರೆ ಬೇಡವೇ ಬೇಡ. ಕೆಲವು ಔಷಧಿಗಳು ಮೈಯನ್ನು ಮಾತ್ರ ಜಡ ಮಾಡುತ್ತವೆ. ನಾಯಿಗೆ ಸದ್ದೆಲ್ಲ ಕೇಳುತ್ತಿರುತ್ತದೆ, ಭಯವೂ ಇರುತ್ತದೆ, ಓಡಲು ಮಾತ್ರ ಆಗುವುದಿಲ್ಲ. ಹಬ್ಬಕ್ಕೆ ಒಂದು ತಿಂಗಳ ಮುಂಚೆಯೇ ವೈದ್ಯರ ಹತ್ತಿರ ಹೋಗಿ, ಭಯ ತಗ್ಗಿಸುವ ಔಷಧಿಯೇ ಬೇಕು ಅಂತ ಕೇಳಿ. ಅವರು ಹೇಳಿದ ಪ್ರಮಾಣವನ್ನು ಗದ್ದಲವಿಲ್ಲದ ಒಂದು ದಿನ ಕೊಟ್ಟು ಹೇಗೆ ಒಗ್ಗುತ್ತದೆ ಅಂತ ನೋಡಿಕೊಳ್ಳಿ. ಹಬ್ಬದ ದಿನ ಕತ್ತಲಾಗುವ ಮುಂಚೆಯೇ ಹೊರಗೆ ಕರೆದೊಯ್ದು ಬನ್ನಿ. ಆಮೇಲೆ ಮನೆಯ ನಡುವಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಬೇಸಿಗೆಯಲ್ಲಿ ಬಳಸುವ ಕೂಲರ್ ಅನ್ನು ಅಲ್ಲಿಟ್ಟು ಜೋರಾಗಿ ಹಾಕಿ. ಅದರ ಗುಂಯ್ ಅನ್ನುವ ಸದ್ದಿನಲ್ಲಿ ಪಟಾಕಿ ಸ್ವಲ್ಪ ಮುಳುಗುತ್ತದೆ. ಒಬ್ಬರು ನಾಯಿಯ ಜೊತೆಗೇ ಇರಿ. ಮನೆಗೆ ಬಂದು ಹೋಗುವವರು ಗೇಟು ತೆರೆದೇ ಬಿಡುತ್ತಾರೆ, ಅವತ್ತು ಅದಕ್ಕೆ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.