ಹ್ಯಾಂಡಲ್‌ಗೆ ಚೀಲ ನೇತುಹಾಕಬೇಡಿ: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗದಗದಲ್ಲಿ ಸಂತೆ ಮುಗಿಸಿ ಎರಡು ಕೈಚೀಲ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಸೈಕಲ್ ಮೇಲೆ ಬರುತ್ತೇನೆ. ತಿರುವಿನಲ್ಲಿ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ. ಮುಂದೆ ಬುಟ್ಟಿ ಹಾಕಿಸಿದರೆ ಸರಿಹೋಗುತ್ತಾ?
– ಓದುಗರು, ಬೆಟಗೇರಿ

ಉತ್ತರ: ಮೊದಲು ಆ ಚೀಲಗಳನ್ನು ಹ್ಯಾಂಡಲ್‌ನಿಂದ ಇಳಿಸಿ. ಎಳೆತ ಸಣ್ಣ ತೊಂದರೆ. ತೂಗಾಡುವ ಚೀಲ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿದರೆ ಚಕ್ರ ಅಲ್ಲೇ ನಿಂತುಬಿಡುತ್ತದೆ, ನೀವು ಮಾತ್ರ ನಿಲ್ಲುವುದಿಲ್ಲ, ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತೀರಿ. ಬುಟ್ಟಿ ಇದಕ್ಕಿಂತ ಎಷ್ಟೋ ವಾಸಿ. ಆದರೆ ಅದೂ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಕೊತ್ತಂಬರಿ, ಬ್ರೆಡ್ಡು, ಮೊಸರಿನ ಪಾಕೀಟು ಇಂಥ ಹಗುರ ಸಾಮಾನಿಗೆ ಮಾತ್ರ ಇಟ್ಟುಕೊಳ್ಳಿ.

ಅಕ್ಕಿ, ಬೇಳೆ, ಎಣ್ಣೆ ಎಲ್ಲ ಹಿಂದಿನ ಕ್ಯಾರಿಯರ್‌ಗೆ. ಅದೂ ಮೇಲೆ ಪೇರಿಸುವುದಲ್ಲ, ಎರಡೂ ಪಕ್ಕಕ್ಕೆ, ಆದಷ್ಟು ಕೆಳಗೆ. ಭಾರ ಕೆಳಗಿದ್ದಷ್ಟೂ ಸೈಕಲ್ ಓಲಾಡುವುದು ಕಡಿಮೆ. ನಮ್ಮ ಹಿರಿಯರು ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ಎರಡೂ ತುದಿಗೆ ಜೇಬಿರುವ ಹಸಿಬೆ ಚೀಲ ನೋಡಿದ್ದೀರಲ್ವಾ? ಅದೇ ಆಕಾರದ್ದು ಬೇಕು. ದಪ್ಪ ಕ್ಯಾನ್ವಾಸ್ ಅಥವಾ ತಾಡಪತ್ರಿ ತಂದುಕೊಟ್ಟರೆ ಗಾಡಿಗಳ ಸೀಟ್ ಕವರ್ ಹೊಲಿಯುವವರು ಹೊಲಿದುಕೊಡುತ್ತಾರೆ. ಚಕ್ರದ ಕಡೆಯ ಬದಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಿಸಲೇಬೇಕು, ಹಳೆಯ ಎಣ್ಣೆ ಕ್ಯಾನ್ ಕತ್ತರಿಸಿದ್ದೂ ನಡೆಯುತ್ತದೆ, ಇಲ್ಲದಿದ್ದರೆ ಚೀಲ ಒಳಕ್ಕೆ ಬಾಗಿ ಕಡ್ಡಿಗೆ ತಾಗುತ್ತದೆ. ಕೆಳತುದಿಗೆ ಒಂದು ಕೊಕ್ಕೆ ಹೊಲಿಸಿ ಕ್ಯಾರಿಯರ್ ಕಾಲಿಗೆ ಸಿಕ್ಕಿಸಿ, ಗುಂಡಿ ಬಂದಾಗ ಚೀಲ ಹಾರುವುದಿಲ್ಲ. ಇಡೀ ಚೀಲ ತುಸು ಹಿಂದಕ್ಕಿರಲಿ, ಪೆಡಲ್ ತುಳಿಯುವಾಗ ಹಿಮ್ಮಡಿಗೆ ತಾಗಬಾರದು. ಎರಡೂ ಬದಿಯ ತೂಕ ಹೆಚ್ಚುಕಡಿಮೆ ಸಮ ಇರಬೇಕು. ಟೊಮೆಟೊ ಯಾವಾಗಲೂ ಮೇಲೆ.

ಇನ್ನು ಸ್ಟ್ಯಾಂಡ್. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ನನಗಂತೂ ಇದೇ ಮುಖ್ಯ ಅನಿಸುತ್ತದೆ. ಒಂಟಿ ಕಾಲಿನ ಸ್ಟ್ಯಾಂಡ್ ಮೇಲೆ ಸೈಕಲ್ ವಾಲಿ ನಿಲ್ಲುತ್ತದೆ. ಒಂದು ಚೀಲ ತುಂಬಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಎಲ್ಲ ನೆಲಕ್ಕೆ. ಎರಡೂ ಬದಿಗೆ ಕಾಲಿರುವ ಡಬಲ್ ಸ್ಟ್ಯಾಂಡ್ ಹಾಕಿಸಿ, ಒಬ್ಬರೇ ಆರಾಮಾಗಿ ತುಂಬಬಹುದು.

ಪ್ರಶ್ನೆ: ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಗೇರ್ ಸೈಕಲ್ ಮೇಲೆ ಹೋಗಿಬರುತ್ತೇನೆ. ಲ್ಯಾಪ್‌ಟಾಪ್, ಊಟದ ಡಬ್ಬಿ ಎಲ್ಲ ಬೆನ್ನ ಮೇಲೆ. ಸೈಕಲ್‌ಗೆ ಕ್ಯಾರಿಯರ್ ಇಲ್ಲ. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಅಂದರೆ ಸಂಜೆ ದಣಿದ ಮೇಲೆಯೇ ನಿಮಗೆ ಏರು ಜಾಸ್ತಿ. ಆಗ ಬೆನ್ನ ಮೇಲೆ ಭಾರ ಇರಲೇಬಾರದು. ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಹತ್ತಿರ ಮತ್ತು ಸೀಟಿನ ಕೆಳಗೆ ಫ್ರೇಮಿನಲ್ಲಿ ಬೋಲ್ಟಿನ ಸಣ್ಣ ತೂತುಗಳಿವೆಯಾ ನೋಡಿ. ಇದ್ದರೆ ಅಲ್ಲಿಗೇ ಕ್ಯಾರಿಯರ್ ಕೂರುತ್ತದೆ. ಇಲ್ಲದಿದ್ದರೆ ರಬ್ಬರ್ ಹಚ್ಚಿದ ಕ್ಲಾಂಪ್‌ಗಳನ್ನು ಪೈಪಿಗೆ ಬಿಗಿದು ಅದಕ್ಕೆ ಹಾಕಿಸಬಹುದು. ಡಿಸ್ಕ್ ಬ್ರೇಕ್ ಇದ್ದರೆ ಸಾದಾ ಕ್ಯಾರಿಯರ್ ಕಾಲು ಬ್ರೇಕಿಗೆ ತಾಗುತ್ತದೆ, ಡಿಸ್ಕ್‌ಗೆಂದೇ ಮಾಡಿದ್ದನ್ನು ಕೇಳಿ ತಗೊಳ್ಳಿ. ಸೀಟಿನ ಪೈಪಿಗೆ ಮಾತ್ರ ಹಿಡಿಯುವ ಕ್ಯಾರಿಯರ್ ಅಗ್ಗಕ್ಕೆ ಸಿಗುತ್ತದೆ, ಆದರೆ 8–10 ಕೆಜಿಗಿಂತ ಹೆಚ್ಚು ಹಾಕಿದರೆ ಒಂದು ಬದಿಗೆ ತಿರುಗಿಬಿಡುತ್ತದೆ. ನಿಮ್ಮ ಸಾಮಾನಿಗೆ ಸಾಕು.

ಲ್ಯಾಪ್‌ಟಾಪನ್ನು ಕ್ಯಾರಿಯರ್ ಕ್ಲಿಪ್ಪಿನ ಕೆಳಗೆ ಮಲಗಿಸಬೇಡಿ, ಸ್ಪ್ರಿಂಗ್ ಒತ್ತಿ ಪರದೆ ಒಡೆಯುತ್ತದೆ. ಮೆತ್ತನೆ ಕವರಿನಲ್ಲಿ ಹಾಕಿ, ಮೇಲೆ ಹೇಳಿದಂಥ ಪಕ್ಕದ ಚೀಲದಲ್ಲಿ ನಿಲ್ಲಿಸಿ. ಸಾರಿನ ಡಬ್ಬಿ ಇನ್ನೊಂದು ಬದಿಗಿರಲಿ.

ಪ್ರಶ್ನೆ: ಹಳೆಯ ಕರಿ ಸೈಕಲ್ ಇದೆ. ಗಿರಣಿಗೆ ಜೋಳದ ಚೀಲ, ಆಗಾಗ ಗ್ಯಾಸ್ ಸಿಲಿಂಡರ್ ಒಯ್ಯಬಹುದಾ?
– ಓದುಗರು, ಹಾವೇರಿ

ಉತ್ತರ: ಜೋಳ ಧಾರಾಳವಾಗಿ ಒಯ್ಯಿರಿ. ಆ ಸೈಕಲ್ ಇರುವುದೇ ಅದಕ್ಕೆ. ಮುಂದಿನ ಚಕ್ರಕ್ಕೆ 32 ಕಡ್ಡಿ ಇದ್ದರೆ ಹಿಂದಿನದಕ್ಕೆ 40 ಇರುತ್ತವೆ, ಭಾರ ಹಿಂದೆ ಬೀಳುತ್ತದೆ ಅಂತಲೇ. ಯಾವುದಾದರೂ ಕಡ್ಡಿ ಸಡಿಲಾಗಿದ್ದರೆ ಮೊದಲು ಬಿಗಿಸಿ. ಚೀಲ ಸೀಟಿಗೆ ಒತ್ತಿಕೊಂಡಿರಲಿ, ಹಿಂದೆ ಜಾರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಕಟ್ಟಲು ಹಗ್ಗಕ್ಕಿಂತ ಹಳೆಯ ಟ್ಯೂಬ್ ಒಳ್ಳೆಯದು. ಜೋಳ ಕುಲುಕಿ ಕುಸಿದಂತೆ ಹಗ್ಗ ಸಡಿಲಾಗುತ್ತದೆ, ರಬ್ಬರ್ ಎಳೆದೇ ಇರುತ್ತದೆ.

ಸಿಲಿಂಡರ್ ಬೇರೆ ಮಾತು. ಒಳಗೆ 14.2 ಕೆಜಿ ಗ್ಯಾಸ್, ಖಾಲಿ ಸಿಲಿಂಡರಿನ ತೂಕವೂ ಸುಮಾರು ಅಷ್ಟೇ, ಒಟ್ಟು 30 ಕೆಜಿ ಹತ್ತಿರ. ಅಡ್ಡ ಮಲಗಿಸಬಾರದು, ನೆಟ್ಟಗೇ ಇರಬೇಕು. ಕೊಕ್ಕೆ ಹಾಕಿ ಒಂದು ಬದಿಗೆ ತೂಗುಹಾಕಿದರೆ ಅಷ್ಟೂ ಭಾರ ಒಂದೇ ಕಡೆ, ಹತ್ತಿ ತುಳಿಯಬೇಡಿ, ತಳ್ಳಿಕೊಂಡು ನಡೆಯಿರಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಬೇಡವೇ ಬೇಡ. ಮಣ್ಣು ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ತುಂಬಿ ಚಕ್ರ ಹಿಡಿದುಕೊಂಡರೆ ಭಾರದ ಸೈಕಲ್ ಎತ್ತಲೂ ಆಗುವುದಿಲ್ಲ, ಸುತ್ತಾದರೂ ಡಾಂಬರು ರಸ್ತೆಯಲ್ಲೇ ಹೋಗಿ.