ಸೈಕಲ್ಲಿನಲ್ಲಿ ಹೋದ ತಂತಿ

ನಮಸ್ಕಾರ,

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿ ಇಟ್ಟಾಗ ಅಮೆರಿಕದ ಜತೆ ಎದ್ದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಬಗ್ಗೆ ನೀವು ಕಳಿಸಿದ ‘ಮಣಿಯದ ಕೆನಡಿ’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು. ನಿಮ್ಮ ಲೇಖನದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೆಂಪು ಫೋನ್ ಎತ್ತಿ ಸೋವಿಯತ್ ನಾಯಕ ಕ್ರುಶ್ಚೇವ್‌ರನ್ನು ಗದರುತ್ತಾರೆ. 1962ರ ಅಕ್ಟೋಬರ್‌ನಲ್ಲಿ ಅಂಥ ನೇರ ಸಂಪರ್ಕ ಇರಲೇ ಇಲ್ಲ. ಅದು ಬಂದದ್ದು 1963ರಲ್ಲಿ, ಅದೂ ಬರಹದ ಸಂದೇಶ ಕಳಿಸುವ ಟೆಲಿಪ್ರಿಂಟರ್ ರೂಪದಲ್ಲಿ. ಸುಮ್ನೆ ತಪ್ಪು ಹುಡುಕಬೇಕು ಅಂತ ಹೇಳುತ್ತಿಲ್ಲ. ಫೋನ್ ಇಲ್ಲದ್ದೇ ಆ ಕಥೆಯ ಜೀವಾಳ. ಅಕ್ಟೋಬರ್ 26ರ ಕ್ರುಶ್ಚೇವ್ ಪತ್ರ ಮಾಸ್ಕೋದಿಂದ ವಾಷಿಂಗ್ಟನ್‌ಗೆ ಪೂರ್ತಿ ತಲುಪಲು ಹತ್ತು ಗಂಟೆಗೂ ಜಾಸ್ತಿ ಹಿಡಿಯಿತು. ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ತಂತಿ ಕಳಿಸಬೇಕೆಂದರೆ ತಂತಿ ಕಂಪನಿಯ ಹುಡುಗ ಸೈಕಲ್ಲಿನಲ್ಲಿ ಬಂದು ಒಯ್ಯಬೇಕಿತ್ತು. ಅವನು ದಾರಿಯಲ್ಲಿ ಯಾರ ಜತೆಗೂ ಮಾತಿಗೆ ನಿಲ್ಲದಿರಲಿ ಎಂದು ಬೇಡಿಕೊಳ್ಳುವುದಷ್ಟೇ ತಮ್ಮ ಕೈಲಿತ್ತು ಅಂತ ಡೊಬ್ರಿನಿನ್ ಮುಂದೆ ನೆನೆದಿದ್ದಾರೆ. ಇಂಥ ಸೈಕಲ್ ಇರುವಾಗ ಕೆಂಪು ಫೋನ್ ಯಾಕೆ ಬೇಕು ಹೇಳಿ?

ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು. ಕ್ರುಶ್ಚೇವ್ ಬಾಲ ಮುದುರಿಕೊಂಡು ಹಿಂದೆ ಸರಿದರು ಎಂದಿದ್ದೀರಿ. 27ನೇ ತಾರೀಖನ್ನು ಹತ್ತಿರದಿಂದ ನೋಡಿ. ಆವತ್ತು ಕ್ಯೂಬಾ ಮೇಲೆ ಹಾರುತ್ತಿದ್ದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಿದ್ದರು. ಪೈಲಟ್ ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತಿದ್ದರು. ತಿರುಗಿ ಹೊಡೆಯಬೇಕೆಂಬ ಒತ್ತಡ ಜೋರಾಗಿತ್ತು. ಕೆನಡಿ ತಡೆದರು. ಸಂಜೆ ಅವರ ತಮ್ಮ ರಾಬರ್ಟ್ ಡೊಬ್ರಿನಿನ್‌ರನ್ನು ಕರೆಸಿ ಮಾತಾಡಿದರು. ನೀವು ಕ್ಷಿಪಣಿ ತೆಗೆಯಿರಿ, ನಾವು ಕ್ಯೂಬಾ ಮೇಲೆ ಏರಿಹೋಗುವುದಿಲ್ಲ. ಟರ್ಕಿಯಲ್ಲಿರುವ ನಮ್ಮ ಜುಪಿಟರ್ ಕ್ಷಿಪಣಿಗಳೂ ಕೆಲವು ತಿಂಗಳಲ್ಲಿ ಹೋಗುತ್ತವೆ, ಆದರೆ ಇದು ಹೊರಗೆ ಬರಕೂಡದು. ಮಾತಿನ ತಿರುಳು ಇದು. ಮರುದಿನ ಕ್ರುಶ್ಚೇವ್ ಒಪ್ಪಿದರು. ಉತ್ತರ ತಡವಾಗಬಾರದೆಂದು ಮಾಸ್ಕೋ ರೇಡಿಯೋದಲ್ಲೇ ಓದಿಸಿದರು. ಜಗತ್ತು ಅವರನ್ನು ಸೋತವರೆಂದು ಕರೆಯಿತು. ಆಗ ಅವರು ಟರ್ಕಿಯ ಗುಟ್ಟು ಬಿಚ್ಚಲಿಲ್ಲ. ಇದು ಕೂಡ ನಾಯಕತ್ವ ಅಲ್ವಾ? ನಿಮ್ಮ ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ತನ್ನನ್ನು ಕೇಳದೆಯೇ ಎಲ್ಲ ಮುಗಿಸಿದರೆಂದು ಸಿಟ್ಟಾದ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಕೂಡ ಎಲ್ಲೂ ಕಾಣಲಿಲ್ಲ.

‘ನೌಕಾ ದಿಗ್ಬಂಧನ ಘೋಷಿಸಿದರು’ ಎಂಬುದನ್ನೂ ತಿದ್ದಿ. ದಿಗ್ಬಂಧನ ಎಂದರೆ ಯುದ್ಧಕ್ಕೆ ಸಮ. ಅದಕ್ಕೇ ಕ್ಯೂಬಾಕ್ಕೆ ಶಸ್ತ್ರಾಸ್ತ್ರ ಒಯ್ಯುವ ಹಡಗುಗಳನ್ನು ತಡೆಯುವ ಕ್ರಮಕ್ಕೆ ಕೆನಡಿ ‘ಕ್ವಾರಂಟೈನ್’ ಎಂಬ ಪದ ಆರಿಸಿದರು. ಒಂದು ಪದದ ತೂಕ ಬರಹಗಾರರಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ಅದೇ ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ಬಿದ್ದಿತ್ತು, ನಮ್ಮ ಹಿರಿಯರಿಗೆ ಎರಡೂ ಸುದ್ದಿ ಒಟ್ಟಿಗೇ ಬಂದವು ಎಂದು ಬರೆದಿದ್ದೀರಲ್ಲ, ಆ ಪ್ಯಾರಾ ನನಗೆ ತುಂಬಾ ಹಿಡಿಸಿತು. ಅದನ್ನು ಮುಟ್ಟಬೇಡಿ. ಉಳಿದದ್ದನ್ನು 27ರ ಸಂಜೆಯಿಂದ ಶುರು ಮಾಡಿ, ಹೊಸದಾಗಿ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.

ಸಂಪಾದಕ